ನಮ್ಮ ಎಕ್ಸ್‌ಟೆನ್ಷನ್, ನೆರೆಮನೆಯ ಬೆಳಕು

1948ರ ಜುಲೈ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮನೆಯೊಡೆಯರ ಕೈಯಿಂದ ಒಂದು ಹಕ್ಕು ಹೋಯಿತು. ಅದರ ಹಿಂದಿನ ವರ್ಷ ಆಟ್ಲಿ ಸರ್ಕಾರದ ಸಚಿವ ಲೂಯಿಸ್ ಸಿಲ್ಕಿನ್ ತಂದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂದು ಜಾರಿಗೆ ಬಂತು. ನೆಲ ಒಡೆಯನದೇ ಆಗಿ ಉಳಿಯಿತು. ಅದರ ಮೇಲೆ ಹೊಸದಾಗಿ ಕಟ್ಟುವ ಹಕ್ಕು ಸಾರ್ವಜನಿಕರ ಪರವಾಗಿ ಸರ್ಕಾರದ ಪಾಲಾಯಿತು. ಇವತ್ತು ರೆಡಿಂಗ್‌ನಲ್ಲೋ ಸ್ಲೌನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಮನೆ ಕೊಂಡ ಕನ್ನಡದ ಕುಟುಂಬವೊಂದು ಅಡುಗೆಮನೆಯನ್ನು ಹಿತ್ತಿಲ ಕಡೆಗೆ ಒಂದಿಷ್ಟು ಹಿಗ್ಗಿಸೋಣ ಎಂದುಕೊಂಡಾಗ ಊರಿನ ಕೌನ್ಸಿಲ್ಲಿನ ಕಡೆ ನೋಡಬೇಕಾಗಿ ಬರುವುದು ಆ ಕಾಯ್ದೆಯಿಂದಾಗಿ.

ಹಿಗ್ಗಿಸುವ ಆಸೆ ಅಲ್ಲಿ ಎಲ್ಲರಿಗೂ ಇದೆ. ದೊಡ್ಡ ಮನೆಗೆ ಹೋಗಬೇಕೆಂದರೆ ಸ್ಟಾಂಪ್ ಡ್ಯೂಟಿ, ವಕೀಲರ ಫೀಜು, ಮಕ್ಕಳ ಶಾಲೆಯ ವ್ಯಾಪ್ತಿ ತಪ್ಪುವ ಭಯ. ಊರಿಂದ ಅಪ್ಪ ಅಮ್ಮ ಆರು ತಿಂಗಳು ಬಂದಿರುತ್ತಾರೆಂದರೆ ಇನ್ನೊಂದು ಕೋಣೆ ಬೇಕು. ಹಾಗಾಗಿ ಹಿಂದಕ್ಕೊಂದು ಎಕ್ಸ್‌ಟೆನ್ಷನ್, ಮೇಲಿನ ಅಟ್ಟದಲ್ಲೊಂದು ಮಲಗುವ ಕೋಣೆ, ಹಿತ್ತಿಲಲ್ಲೊಂದು ಗಾರ್ಡನ್ ರೂಮ್. ಇಂಗ್ಲೆಂಡಿನ ಕೌನ್ಸಿಲ್‌ಗಳು ತೀರ್ಮಾನಿಸುವ ಯೋಜನಾ ಅರ್ಜಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇಂಥ ಮನೆ ವಿಸ್ತರಣೆಯವೇ.

ಈ ವ್ಯವಸ್ಥೆಯ ಬಗ್ಗೆ ಎರಡು ದೂರುಗಳು ಸದಾ ಇವೆ. ಕಟ್ಟುವವರು ಇದು ನಿಧಾನ, ದುಬಾರಿ ಎನ್ನುತ್ತಾರೆ. ಪಕ್ಕದ ಮನೆಯವರು ನಮ್ಮ ಮಾತು ಯಾರೂ ಕೇಳಲಿಲ್ಲ ಎನ್ನುತ್ತಾರೆ. ಕಳೆದ ಹದಿನೈದು ವರ್ಷಗಳಲ್ಲಿ ಸರ್ಕಾರಗಳು ಓಗೊಟ್ಟಿರುವುದು ಹೆಚ್ಚಾಗಿ ಮೊದಲ ದೂರಿಗೆ. ಎರಡನೆಯದೇ ಹೆಚ್ಚು ತೂಕದ್ದು ಎಂದು ನಾನು ತಿಳಿದಿದ್ದೇನೆ. ಏಕೆಂದರೆ ಈ ಇಡೀ ವ್ಯವಸ್ಥೆ ಇರುವುದೇ ಕಟ್ಟದೆ ಸುಮ್ಮನಿರುವವರ ಸಲುವಾಗಿ.

ಮೊದಲು ಅನುಮತಿಯೇ ಬೇಡವಾದವುಗಳನ್ನು ನೋಡೋಣ. ಮನೆಯ ಒಳಗಿನ ಬದಲಾವಣೆ ಕಾನೂನಿನ ಕಣ್ಣಲ್ಲಿ ಅಭಿವೃದ್ಧಿ ಕಾರ್ಯವೇ ಅಲ್ಲ. ಒಳಗೋಡೆ ಒಡೆದು ಎರಡು ಕೋಣೆ ಒಂದು ಮಾಡಿದರೆ ಯೋಜನಾ ವಿಭಾಗ ಕೇಳುವುದಿಲ್ಲ (ತೊಲೆ ಹಾಕಿದ್ದು ಸರಿಯಿದೆಯೇ ಎಂದು ಕೇಳುವ ವಿಭಾಗ ಬೇರೆ). ಅದರಾಚೆಗೆ, ಕಟ್ಟಡವೇ ಆದರೂ ಸಂಸತ್ತು ಮುಂಚಿತವಾಗಿಯೇ ಒಟ್ಟಾರೆ ಅನುಮತಿ ಕೊಟ್ಟುಬಿಟ್ಟಿರುವ ಕೆಲಸಗಳಿವೆ. ಇವನ್ನು ಅಲ್ಲಿನವರು ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಬಿಲ್ಡರುಗಳ ಬಾಯಲ್ಲಿ ಬರೀ ಪಿಡಿ. ಇಂಗ್ಲೆಂಡಿಗೆ ಸದ್ಯ ಅನ್ವಯಿಸುವುದು 2015ರ ಆದೇಶ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳ ನಿಯಮ ಬೇರೆ ಬೇರೆ. ಗ್ಲಾಸ್ಗೋದ ಗೆಳೆಯರು ಹೇಳಿದ ಅಳತೆ ಹಿಡಿದು ಲಂಡನ್ನಿನಲ್ಲಿ ಪಾಯ ತೋಡಬಾರದು.

ಆದೇಶದ ಅಳತೆಗಳು ಒಂದೊಂದೂ ಪಕ್ಕದವರ ಬೆಳಕನ್ನೋ ಏಕಾಂತವನ್ನೋ ನೆನೆದು ಮಾಡಿದವು. ಹಿಂಬದಿಗೆ ಒಂದಂತಸ್ತಿನ ಎಕ್ಸ್‌ಟೆನ್ಷನ್ ಆದರೆ, ಬಿಡಿಯಾಗಿ ನಿಂತ ಮನೆಗೆ 4 ಮೀಟರ್, ಗೋಡೆಗೆ ಗೋಡೆ ಅಂಟಿದ ಸೆಮಿ ಅಥವಾ ಟೆರೇಸ್ ಮನೆಗೆ 3 ಮೀಟರ್. ಎತ್ತರ 4 ಮೀಟರ್ ಮೀರಬಾರದು. ಗಡಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಸೂರು 3 ಮೀಟರ್‌ಗಿಂತ ಮೇಲೇರಬಾರದು. ಎರಡಂತಸ್ತು ಏರಿಸುವುದಾದರೆ ಹಿಂದಿನ ಗಡಿಯವರೆಗೆ 7 ಮೀಟರ್ ಖಾಲಿ ಬಿಡಬೇಕು. ಮೇಲಂತಸ್ತಿನ ಪಕ್ಕದ ಗೋಡೆಯಲ್ಲಿ ಕಿಟಕಿ ಇಟ್ಟರೆ ಆಚೆ ಕಾಣದ ಮಬ್ಬು ಗಾಜು ಹಾಕಬೇಕು, ನೆಲದಿಂದ 1.7 ಮೀಟರ್ ಎತ್ತರದವರೆಗೆ ಅದು ತೆರೆಯಕೂಡದು. ಅಟ್ಟವನ್ನು ಕೋಣೆಯಾಗಿಸುವಾಗ ಟೆರೇಸ್ ಮನೆಗೆ 40 ಘನ ಮೀಟರ್, ಉಳಿದವಕ್ಕೆ 50 ಘನ ಮೀಟರ್ ಹೆಚ್ಚಿಸಬಹುದು. ಆದರೆ ರಸ್ತೆಗೆ ಮುಖ ಮಾಡಿದ ಇಳಿಜಾರಿನಲ್ಲಿ ಮಾಡನ್ನು ಮುಂದೆ ಚಾಚುವಂತಿಲ್ಲ. ಮನೆ ಮುಂದಿನ ತೋಟ ತೆಗೆದು ಕಾರು ನಿಲ್ಲಿಸಲು ಕಲ್ಲು ಹಾಸುವುದಕ್ಕೂ ನಿಯಮವಿದೆ. 5 ಚದರ ಮೀಟರ್ ಮೀರಿದರೆ ಮಳೆನೀರು ಇಂಗುವಂಥದ್ದನ್ನೇ ಹಾಸಬೇಕು, ಇಲ್ಲವೇ ನೀರು ಮಣ್ಣಿನ ಜಾಗಕ್ಕೆ ಹರಿಯುವಂತೆ ಮಾಡಬೇಕು. 2008ರಲ್ಲಿ ಬಂದ ಈ ನಿಯಮವನ್ನು ನಮ್ಮ ಬೆಂಗಳೂರು ಕೂಡ ಕಲಿತಿದ್ದರೆ ಚೆನ್ನಾಗಿತ್ತು.

ಇಲ್ಲಿಯೇ 1948 ಮತ್ತೆ ಬರುತ್ತದೆ. ಈ ಅಳತೆಗಳನ್ನೆಲ್ಲ ಹಿಡಿಯಬೇಕಾದದ್ದು ಮೂಲ ಮನೆಯಿಂದ. ಮೂಲ ಮನೆ ಎಂದರೆ 1948ರ ಜುಲೈ 1ರಂದು ಹೇಗಿತ್ತೋ ಹಾಗೆ, ಅದಕ್ಕಿಂತ ಈಚಿನದಾದರೆ ಮೊದಲು ಕಟ್ಟಿದಾಗ ಇದ್ದ ಹಾಗೆ. ಹಿಂದಿನ ಮಾಲೀಕ 1985ರಲ್ಲಿ 2 ಮೀಟರ್ ಚಾಚಿದ್ದರೆ, ಈಗ ಕೊಂಡವರಿಗೆ ಮೂರರಲ್ಲಿ ಉಳಿದದ್ದು ಒಂದೇ ಮೀಟರ್. ಸಾಲ ಮಾಡಿ ಕೊಂಡ ಮನೆಯಲ್ಲಿ ಈ ಲೆಕ್ಕ ಗೊತ್ತಾಗುವುದು ಬಹಳ ಸಲ ನಕ್ಷೆ ಬರೆಯುವವರು ಬಂದಾಗ. ಕೊಳ್ಳುವ ಮೊದಲೇ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಆ ವಿಳಾಸದ ಹಳೆಯ ಅರ್ಜಿಗಳನ್ನು ಯಾರು ಬೇಕಾದರೂ ನೋಡಬಹುದು.

ಪಿಡಿ ಎಲ್ಲರಿಗೂ ಇಲ್ಲ. ಫ್ಲಾಟುಗಳಿಗೆ ಇಲ್ಲವೇ ಇಲ್ಲ. 1967ರ ಕಾಯ್ದೆಯಿಂದ ಶುರುವಾದ ಸಂರಕ್ಷಿತ ಪ್ರದೇಶಗಳು ಇಂಗ್ಲೆಂಡಿನಲ್ಲಿ ಈಗ ಸುಮಾರು ಹತ್ತು ಸಾವಿರ ಇವೆ; ಲಿಂಕನ್‌ಶೈರಿನ ಸ್ಟ್ಯಾಂಫರ್ಡ್ ಅವುಗಳಲ್ಲಿ ಮೊದಲನೆಯದು. ಅಲ್ಲಿ ಪಿಡಿ ಬಹುಮಟ್ಟಿಗೆ ಮೊಟಕಾಗಿದೆ, ಅಟ್ಟವನ್ನು ಹಿಗ್ಗಿಸಲೂ ಅರ್ಜಿ ಬೇಕು. ಕೆಲವು ಬೀದಿಗಳಲ್ಲಿ ಕೌನ್ಸಿಲ್ ಆರ್ಟಿಕಲ್ 4 ಎಂಬ ಆದೇಶ ಹೊರಡಿಸಿ ಕಿಟಕಿ ಬದಲಿಸುವುದಕ್ಕೂ ಅನುಮತಿ ಬೇಕೆನ್ನಬಹುದು. ಹೊಸ ಬಡಾವಣೆಗಳ ಮೂಲ ಮಂಜೂರಾತಿಯಲ್ಲಿಯೇ ಪಿಡಿ ಹಕ್ಕು ಕಿತ್ತುಹಾಕಿರುವ ಷರತ್ತು ಇರುವುದುಂಟು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಯ ವಿಷಯವಂತೂ ಬೇರೆಯೇ. ಅದರ ಒಳಗಿನ ಮೆಟ್ಟಿಲು, ಬಾಗಿಲು ಮುಟ್ಟುವುದಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕಾಗಬಹುದು, ಪಡೆಯದೆ ಕೆಲಸ ಮಾಡಿದರೆ ಅದು ಕ್ರಿಮಿನಲ್ ಅಪರಾಧ.

ಹಿತ್ತಿಲಿನ ಗಾರ್ಡನ್ ರೂಮಿನಲ್ಲಿ ನಮ್ಮವರು ಎಡವುವುದು ಸಾಮಾನ್ಯ. ಪಿಡಿ ಪ್ರಕಾರ ಅಲ್ಲಿ ವ್ಯಾಯಾಮದ ಕೋಣೆ, ಓದುವ ಕೋಣೆ, ಸಾಮಾನಿನ ಶೆಡ್ ಕಟ್ಟಬಹುದು. ಅಪ್ಪ ಅಮ್ಮ ಮಲಗಿ ಏಳುವ, ಅಡುಗೆ ಒಲೆ ಇರುವ ಬಿಡಾರ ಕಟ್ಟುವಂತಿಲ್ಲ. ಅದಕ್ಕೆ ಅರ್ಜಿ ಹಾಕಲೇಬೇಕು. 2013ರಲ್ಲಿ ಸ್ಲೌ ಕೌನ್ಸಿಲ್ ವಿಮಾನದಿಂದ ಊರಿನ ಉಷ್ಣಚಿತ್ರ ತೆಗೆಸಿತು. ಸಾವಿರಾರು ಹಿತ್ತಿಲ ಕಟ್ಟಡಗಳು ಅದರಲ್ಲಿ ಕಂಡವು. ಜನ ವಾಸವಿರುವ ಶೆಡ್ ಬೆಚ್ಚಗಿದ್ದು ಚಿತ್ರದಲ್ಲಿ ಬೇರೆಯಾಗಿ ಕಾಣುತ್ತದೆ ಎಂಬುದು ಆ ಸಮೀಕ್ಷೆಯ ಹಿಂದಿನ ಲೆಕ್ಕಾಚಾರ. ಬಾಡಿಗೆಗೆ ಕೊಟ್ಟ ಇಕ್ಕಟ್ಟಾದ, ಬೆಂಕಿ ಬಿದ್ದರೆ ಹೊರಬರಲಾಗದ ಗೂಡುಗಳನ್ನು ಹುಡುಕುವುದು ಅದರ ಉದ್ದೇಶವಾಗಿತ್ತು. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ನಿಯಮದ ಕೆಳಗೆ ವಯಸ್ಸಾದ ತಾಯಿಯನ್ನು ಹತ್ತಿರ ಇಟ್ಟುಕೊಳ್ಳಲು ಬಯಸುವ ಮಗನೂ ಬರುತ್ತಾನೆ, ಅವನಿಗೆ ದಾರಿ ಇರುವುದು ಅರ್ಜಿಯಲ್ಲಿ ಮಾತ್ರ.

ಅರ್ಜಿಯ ಕೆಲಸ ಹೇಳಿಕೊಳ್ಳುವಷ್ಟು ಕಠಿಣವಲ್ಲ, ಆದರೆ ಕರಾರುವಾಕ್ಕಾಗಿ ಇರಬೇಕು. ಪ್ಲಾನಿಂಗ್ ಪೋರ್ಟಲ್ ಎಂಬ ಜಾಲತಾಣದ ಮೂಲಕ ಹಾಕುವವರೇ ಹೆಚ್ಚು. 1:1250 ಅಳತೆಯ ಸ್ಥಳನಕ್ಷೆ, ಅದರಲ್ಲಿ ನಿಮ್ಮ ಜಾಗದ ಸುತ್ತ ಕೆಂಪು ಗೆರೆ. 1:500 ಅಥವಾ 1:200ರ ನಿವೇಶನ ನಕ್ಷೆ. ಈಗಿರುವ ಮನೆ ಮತ್ತು ಆಗಲಿರುವ ಮನೆ ಎರಡರದೂ ನೆಲನಕ್ಷೆ, ನಾಲ್ಕೂ ಮುಖಗಳ ಚಿತ್ರ. ಜಾಗ ಪೂರ್ತಿ ನಿಮ್ಮದೇ ಎಂಬ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. ಪಾಯವೋ ಮಾಡಿನ ದೋಣಿಯೋ ಒಂದಂಗುಲ ಆಚೆ ಹೋದರೂ ಪಕ್ಕದವರಿಗೆ ಮೊದಲೇ ನೋಟಿಸ್ ಕೊಟ್ಟು ಬೇರೆ ಪ್ರಮಾಣಪತ್ರ ಹಾಕಬೇಕು. ಇವುಗಳಲ್ಲಿ ಒಂದು ತಪ್ಪಿದರೆ ಅರ್ಜಿಯನ್ನು ದಾಖಲು ಮಾಡಿಕೊಳ್ಳುವುದಿಲ್ಲ, ಎಂಟು ವಾರದ ಗಡುವು ಶುರುವೇ ಆಗುವುದಿಲ್ಲ. ನಿಧಾನದ ಬಗೆಗಿನ ದೂರುಗಳಲ್ಲಿ ಎಷ್ಟೋ ಇಲ್ಲಿ ಹುಟ್ಟುತ್ತವೆ.

ಶುಲ್ಕ 2018ರಲ್ಲಿ 206 ಪೌಂಡ್ ಇತ್ತು, 2023ರ ಡಿಸೆಂಬರಿನಲ್ಲಿ 258 ಆಯಿತು, 2025ರ ಏಪ್ರಿಲ್ 1ರಿಂದ ಒಮ್ಮೆಗೇ 528ಕ್ಕೆ ಏರಿತು. ಪೋರ್ಟಲ್ಲಿನ ಸೇವಾ ಶುಲ್ಕ, ನಕ್ಷೆ ಬರೆದವರ ಫೀಜು ಬೇರೆ. ತಿರಸ್ಕಾರವಾದರೆ ಅದೇ ಮನೆಗೆ ಒಂದು ಸಲ ಉಚಿತವಾಗಿ ಮರುಅರ್ಜಿ ಹಾಕುವ ಅವಕಾಶವನ್ನು 2023ರ ಬದಲಾವಣೆಯಲ್ಲಿ ತೆಗೆದುಹಾಕಿದರು. ಕೌನ್ಸಿಲ್‌ಗಳಿಗೆ ಹಣ ಬೇಕು, ಯೋಜನಾ ಅಧಿಕಾರಿಗಳ ಕೊರತೆ ನಿಜ. ಆದರೂ ಮೊದಲ ಸಲ ತಪ್ಪು ಮಾಡುವ ಸಾಮಾನ್ಯರಿಗೆ ಇದ್ದ ಆ ಒಂದು ಅವಕಾಶವನ್ನು ಉಳಿಸಬೇಕಿತ್ತು. ಮನೆಯಲ್ಲಿ ಅಂಗವಿಕಲರಿದ್ದು ಅವರ ಓಡಾಟಕ್ಕೆ, ಆರೈಕೆಗೆಂದೇ ಮಾಡುವ ಕೆಲಸಕ್ಕೆ ಈಗಲೂ ಶುಲ್ಕವಿಲ್ಲ. ಇದು ಅನೇಕರಿಗೆ ತಿಳಿದಿಲ್ಲ.

ಅರ್ಜಿ ದಾಖಲಾದ ಮೇಲೆ ಕೌನ್ಸಿಲ್ ಪಕ್ಕದ ಮನೆಗಳಿಗೆ ಪತ್ರ ಬರೆಯುತ್ತದೆ, ಅಥವಾ ಬೀದಿಯ ಕಂಬಕ್ಕೆ ನೋಟಿಸ್ ಕಟ್ಟುತ್ತದೆ. ಉತ್ತರಿಸಲು 21 ದಿನ. ನಕ್ಷೆಗಳು, ಬಂದ ಆಕ್ಷೇಪಗಳು, ಕೊನೆಗೆ ಅಧಿಕಾರಿ ಬರೆದ ವರದಿ ಎಲ್ಲ ಸಾರ್ವಜನಿಕವಾಗಿ ಲಭ್ಯ. ಕರ್ನಾಟಕದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮಲ್ಲೂ 1961ರಿಂದ ಅದೇ ಹೆಸರಿನ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಮನೆಯ ನಕ್ಷೆ ಮಂಜೂರಾಗುವುದು ಸೆಟ್‌ಬ್ಯಾಕ್, ಎತ್ತರ, ಎಫ್‌ಎಆರ್ ಅಳತೆಗಳನ್ನು ತಾಳೆ ನೋಡಿ. ಈಚಿನ ನಂಬಿಕೆ ನಕ್ಷೆ ಎಂಬ ಯೋಜನೆಯಲ್ಲಂತೂ ಆ ತಾಳೆ ನೋಡುವ ಹೊಣೆ ಹೆಚ್ಚಾಗಿ ಆರ್ಕಿಟೆಕ್ಟ್ ಅಥವಾ ಎಂಜಿನಿಯರರದು. ನಿಮ್ಮ ಪಕ್ಕದ ಸೈಟಿನಲ್ಲಿ ಏನು ಏಳಲಿದೆ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕೇಳುತ್ತಾರೆ, ಕೇಳಿದ್ದಕ್ಕೆ ಏನು ಬೆಲೆ ಕೊಟ್ಟೆವು ಎಂಬುದನ್ನು ಬರೆದಿಡುತ್ತಾರೆ. ಈ ಒಂದು ಕ್ರಮಕ್ಕೆ ನಾನು ಆ ವ್ಯವಸ್ಥೆಯ ಉಳಿದ ಎಷ್ಟೋ ಕಿರಿಕಿರಿಗಳನ್ನು ಮನ್ನಿಸಬಲ್ಲೆ.

ಕೇಳುವುದೆಂದರೆ ಮತ ಹಾಕಿಸುವುದಲ್ಲ. ಹತ್ತು ಮನೆಯವರು ವಿರೋಧಿಸಿದರೂ ಕಾರಣ ಯೋಜನೆಗೆ ಸಂಬಂಧಿಸದಿದ್ದರೆ ಲೆಕ್ಕಕ್ಕಿಲ್ಲ. ಒಬ್ಬರೇ ಬರೆದರೂ ಕಾರಣ ಗಟ್ಟಿಯಾಗಿದ್ದರೆ ಲೆಕ್ಕಕ್ಕಿದೆ. ಕೋಣೆಯ ಬೆಳಕು ಕುಗ್ಗುವುದು, ಹಿತ್ತಿಲೊಳಗೆ ಇಣುಕಿ ಕಾಣುವಂತಾಗುವುದು, ಗೋಡೆ ಮೈಮೇಲೆ ಬಿದ್ದಂತೆ ಇಕ್ಕಟ್ಟಾಗುವುದು, ಬೀದಿಯ ಲಕ್ಷಣ ಕೆಡುವುದು, ವಾಹನ ನಿಲುಗಡೆ, ಮರಗಳು: ಇವು ನಡೆಯುತ್ತವೆ. ಮನೆಯ ಬೆಲೆ ಇಳಿಯುತ್ತದೆ, ಕೆಲಸ ನಡೆಯುವಾಗ ಗದ್ದಲ, ಅವರು ಒಳ್ಳೆಯ ಜನ ಅಲ್ಲ ಎಂಬವು ನಡೆಯುವುದಿಲ್ಲ. ಕಿಟಕಿಯಿಂದ ಕಾಣುವ ಚೆಲುವಾದ ನೋಟ ಹೋಗುತ್ತದೆ ಎಂಬುದೂ ನಡೆಯುವುದಿಲ್ಲ. ಇದರ ಹಿಂದೆ ದೊಡ್ಡ ಇತಿಹಾಸವಿದೆ. 1610ರಲ್ಲಿ ವಿಲಿಯಂ ಆಲ್ಡ್ರೆಡ್ ಎಂಬಾತ ಪಕ್ಕದವನ ಹಂದಿಗೂಡಿನ ವಿರುದ್ಧ ಮೊಕದ್ದಮೆ ಹೂಡಿದ್ದ. ದುರ್ನಾತದಿಂದ ರಕ್ಷಣೆ ಉಂಟು, ಬೆಳಕಿಗೆ ರಕ್ಷಣೆ ಉಂಟು, ಆದರೆ ನೋಟದ ಸೊಗಸಿಗೆ ಕಾನೂನಿನ ರಕ್ಷಣೆ ಇಲ್ಲ ಎಂಬ ತತ್ತ್ವ ಆ ಪ್ರಕರಣದಿಂದ ನಿಂತಿತು.

ಬೆಳಕನ್ನು ಅಳೆಯಲು ಅನೇಕ ಕೌನ್ಸಿಲ್‌ಗಳು 45 ಡಿಗ್ರಿಯ ನಿಯಮ ಬಳಸುತ್ತವೆ. ಪಕ್ಕದ ಮನೆಯ ಹತ್ತಿರದ ಕೋಣೆಯ ಕಿಟಕಿಯ ನಡುವಿನಿಂದ 45 ಡಿಗ್ರಿ ಕೋನದಲ್ಲಿ ಗೆರೆ ಎಳೆಯುತ್ತಾರೆ; ಹೊಸ ಗೋಡೆ ಅದನ್ನು ಕತ್ತರಿಸಿದರೆ ಪ್ರಶ್ನೆ ಏಳುತ್ತದೆ. ನಕ್ಷೆ ಬರೆಸುವಾಗಲೇ ಈ ಗೆರೆ ಎಳೆಸಿ ನೋಡಿದವರ ಅರ್ಜಿಗೆ ತಕರಾರು ಕಡಿಮೆ.

ಬೀದಿಯ ಲಕ್ಷಣ ಎಂಬುದು ಮಾತ್ರ ಅಳತೆಗೆ ಸಿಗುವ ವಿಷಯವಲ್ಲ. ಆಕ್ಸ್‌ಫರ್ಡಿನ ಹೆಡಿಂಗ್ಟನ್‌ನಲ್ಲಿ 1986ರ ಆಗಸ್ಟ್ 9ರಂದು ರೇಡಿಯೋ ಪ್ರಸಾರಕ ಬಿಲ್ ಹೈನ್ ತಮ್ಮ ಟೆರೇಸ್ ಮನೆಯ ಮಾಡಿನ ಮೇಲೆ ಆಕಾಶದಿಂದ ತಲೆಕೆಳಗಾಗಿ ಬಿದ್ದಂತಿರುವ ಫೈಬರ್ ಗಾಜಿನ ದೊಡ್ಡ ಶಾರ್ಕ್ ಮೀನನ್ನು ನಿಲ್ಲಿಸಿದರು. ಅದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದ ದಿನದ ವಾರ್ಷಿಕ ದಿನ. ಅನುಮತಿ ಇರಲಿಲ್ಲ. ತೆಗೆಯಿರಿ ಎಂದು ಕೌನ್ಸಿಲ್ ವರ್ಷಗಟ್ಟಲೆ ಹಟ ಹಿಡಿಯಿತು. ಮೇಲ್ಮನವಿ ಕೇಂದ್ರ ಸರ್ಕಾರದವರೆಗೆ ಹೋಗಿ 1992ರಲ್ಲಿ ಹೈನ್ ಗೆದ್ದರು. ಸುತ್ತಲಿನ ಬೀದಿಗೆ ಅದು ಹೊಂದುವುದಿಲ್ಲವೆಂಬುದು ನಿಜವಾದರೂ ಯೋಜನಾ ನಿಯಂತ್ರಣವು ಅನಿರೀಕ್ಷಿತವಾದದ್ದಕ್ಕೆ ಒಂದಿಷ್ಟು ಎಡೆ ಕೊಡಬೇಕೆಂಬುದು ತೀರ್ಪಿನ ಸಾರ. 2022ರಲ್ಲಿ ಅದೇ ನಗರದ ಕೌನ್ಸಿಲ್ ಆ ಶಾರ್ಕನ್ನು ಸ್ಥಳೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ತಿರಸ್ಕಾರವೇ ಕೊನೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮನೆ ವಿಸ್ತರಣೆಯ ಅರ್ಜಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂಜೂರಾಗುತ್ತವೆ. ಬಹುತೇಕ ತೀರ್ಮಾನಗಳನ್ನು ಅಧಿಕಾರಿಗಳೇ ಮಾಡುತ್ತಾರೆ, ಚುನಾಯಿತ ಸದಸ್ಯರ ಸಮಿತಿಯ ಮುಂದೆ ಹೋಗುವವು ಬೆರಳೆಣಿಕೆಯವು. ತಿರಸ್ಕೃತರು 12 ವಾರಗಳೊಳಗೆ ಬ್ರಿಸ್ಟಲ್ಲಿನ ಯೋಜನಾ ನಿರೀಕ್ಷಕರ ಕಚೇರಿಗೆ ಉಚಿತವಾಗಿ ಮೇಲ್ಮನವಿ ಸಲ್ಲಿಸಬಹುದು; ಸುಮಾರು ಮೂರಕ್ಕೆ ಒಂದರಷ್ಟು ಗೆಲ್ಲುತ್ತವೆ. ಈಗ ಇನ್ನೊಂದು ಕಡೆ ನೋಡಿ. ಅನುಮತಿ ಸಿಕ್ಕಿದರೆ ಪಕ್ಕದವರಿಗೆ ಮೇಲ್ಮನವಿಯ ಹಕ್ಕೇ ಇಲ್ಲ. ಅವರಿಗೆ ಉಳಿಯುವುದು ಆರು ವಾರಗಳೊಳಗೆ ಹೈಕೋರ್ಟಿಗೆ ಹೋಗುವ, ಸಾಮಾನ್ಯರಿಗೆ ನಿಲುಕದ ದಾರಿ. ಕಟ್ಟುವವರ ಮೇಲ್ಮನವಿಯಲ್ಲೂ ಪಕ್ಕದವರು ಹೊಸದಾಗಿ ಬರೆಯುವಂತಿಲ್ಲ, ಮೊದಲು ಬರೆದ ಪತ್ರವನ್ನೇ ನಿರೀಕ್ಷಕರು ಓದುತ್ತಾರೆ. ಅಂದರೆ ಪಕ್ಕದವರ ಕೈಯಲ್ಲಿರುವುದು ಆ ಮೊದಲ 21 ದಿನ ಮಾತ್ರ.

2013ರ ಮೇ ತಿಂಗಳಲ್ಲಿ ಈ ತಕ್ಕಡಿಯನ್ನು ಇನ್ನಷ್ಟು ಓರೆ ಮಾಡಿದರು. ಹಿಂಬದಿಯ ಒಂದಂತಸ್ತಿನ ಎಕ್ಸ್‌ಟೆನ್ಷನ್ನಿನ ಮಿತಿಯನ್ನು ಬಿಡಿ ಮನೆಗೆ 8 ಮೀಟರ್, ಉಳಿದವಕ್ಕೆ 6 ಮೀಟರ್ ಮಾಡಿ, ಪೂರ್ಣ ಅರ್ಜಿಯ ಬದಲು ಒಂದು ಸರಳ ಪೂರ್ವಾನುಮೋದನೆ ಸಾಕೆಂದರು. ಆರ್ಥಿಕತೆಗೆ ಚುರುಕು ತರಲು ತಾತ್ಕಾಲಿಕವಾಗಿ ಎಂದು ಬಂದದ್ದು 2019ರಲ್ಲಿ ಕಾಯಂ ಆಯಿತು. ಕೌನ್ಸಿಲ್ ಗಡಿ ತಾಗುವ ಮನೆಗಳಿಗೆ ಪತ್ರ ಹಾಕುತ್ತದೆ. ಯಾರಾದರೂ ಆಕ್ಷೇಪಿಸಿದರೆ ಮಾತ್ರ ಅವರ ಬೆಳಕು, ಏಕಾಂತಕ್ಕೆ ಏನಾಗುತ್ತದೆಂದು ಅಧಿಕಾರಿ ಪರಿಶೀಲಿಸುತ್ತಾರೆ. ಯಾರೂ ಬರೆಯದಿದ್ದರೆ ಪರಿಶೀಲನೆಯೇ ಇಲ್ಲ. 42 ದಿನಗಳಲ್ಲಿ ಕೌನ್ಸಿಲ್ ಉತ್ತರಿಸದಿದ್ದರೂ ಕಟ್ಟಬಹುದು.

ಟೆರೇಸ್ ಮನೆಯ ಕಿರಿದಾದ ಹಿತ್ತಿಲಲ್ಲಿ 6 ಮೀಟರ್ ಉದ್ದದ ಗೋಡೆ ಎಂದರೆ ಏನೆಂದು ಅಲ್ಲಿ ಬದುಕಿದವರಿಗೆ ಗೊತ್ತು. ಪೂರ್ಣ ಅರ್ಜಿಯಲ್ಲಿ ಯಾರೂ ಆಕ್ಷೇಪಿಸದಿದ್ದರೂ ಅಧಿಕಾರಿ ಪಕ್ಕದ ಕಿಟಕಿಯ ಬೆಳಕನ್ನು ತಾನಾಗಿ ನೋಡಲೇಬೇಕು. ಇಲ್ಲಿ ಆ ಹೊಣೆಯನ್ನು ಪಕ್ಕದವರ ತಲೆಗೆ ಕಟ್ಟಿದ್ದಾರೆ. ಪತ್ರ ಓದಲಾಗದ ಮುದುಕರು, ಇಂಗ್ಲಿಷ್ ತಡವರಿಸುವ ಹೊಸ ವಲಸಿಗರು, ರಜೆಗೆಂದು ಊರಿಗೆ ಹೋದ ಕುಟುಂಬ, ಯಾಕೆ ಸುಮ್ಮನೆ ಜಗಳ ಎಂದು ಹಿಂಜರಿಯುವವರು, ಇವರೆಲ್ಲರ ಮೌನವನ್ನು ಒಪ್ಪಿಗೆಯೆಂದು ಓದಲಾಗುತ್ತದೆ. ಇದು ಅನ್ಯಾಯ. ಶುಲ್ಕ ಇಳಿಸಿ, ಅಧಿಕಾರಿಗಳನ್ನು ಹೆಚ್ಚಿಸಿ ಪೂರ್ಣ ಅರ್ಜಿಯನ್ನೇ ಚುರುಕು ಮಾಡುವುದು ಸರಿಯಾದ ದಾರಿಯಾಗಿತ್ತು.

ಅನುಮತಿಯಿಲ್ಲದೆ ಕಟ್ಟಿದರೆ ಏನಾಗುತ್ತದೆ? ಸಾಮಾನ್ಯ ಮನೆಗಳಲ್ಲಿ ಅದು ತಕ್ಷಣವೇ ಅಪರಾಧವಲ್ಲ. ಕೌನ್ಸಿಲ್ ಹಿಂದಿನಿಂದ ಅರ್ಜಿ ಹಾಕಲು ಹೇಳಬಹುದು, ಒಪ್ಪದಿದ್ದರೆ ಜಾರಿ ನೋಟಿಸ್ ಕೊಟ್ಟು ಕೆಡವಿಸಬಹುದು. ನೋಟಿಸ್ ಮೀರಿದರೆ ಅಪರಾಧ. ಮೊದಲು ಕಟ್ಟಡ ಮುಗಿದು ನಾಲ್ಕು ವರ್ಷ ಕಳೆದರೆ ಕ್ರಮವಿರಲಿಲ್ಲ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಅದು ಹತ್ತು ವರ್ಷವಾಗಿದೆ. ಆ ದಿನಕ್ಕೆ ಮೊದಲೇ ಮುಗಿದವಕ್ಕೆ ಹಳೆಯ ನಿಯಮ. ಬಚ್ಚಿಟ್ಟು ಕಾಲ ಕಳೆಯುವುದೂ ನಡೆಯುವುದಿಲ್ಲ. ಸರ್ರೆಯ ರೈತರೊಬ್ಬರು ಹುಲ್ಲಿನ ಪಿಂಡಿಗಳ ಗೋಡೆಯ ಹಿಂದೆ ಕೋಟೆಯಂಥ ಮನೆ ಕಟ್ಟಿ, ನಾಲ್ಕು ವರ್ಷ ಅದರಲ್ಲಿದ್ದು, 2006ರಲ್ಲಿ ಪಿಂಡಿ ಸರಿಸಿದರು. ಪಿಂಡಿ ತೆಗೆಯುವುದೂ ಕಟ್ಟಡ ಕೆಲಸದ ಭಾಗವೇ, ಆದ್ದರಿಂದ ಕೆಲಸ ಅಲ್ಲಿಯವರೆಗೆ ಮುಗಿದಿರಲಿಲ್ಲ ಎಂದಾಯಿತು. ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು, 2016ರಲ್ಲಿ ಕೋಟೆ ಉರುಳಿತು. ಅಕ್ರಮ-ಸಕ್ರಮ ಯೋಜನೆ 2017ರಿಂದ ಸುಪ್ರೀಂ ಕೋರ್ಟಿನ ತಡೆಯಲ್ಲಿರುವ ನಾಡಿನಿಂದ ಹೋದವರಿಗೆ, ಮುಂದೊಂದು ದಿನ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದೆಂಬ ನಿರೀಕ್ಷೆ ಅಭ್ಯಾಸವಾಗಿರಬಹುದು. ಅಲ್ಲಿ ಅಂಥ ಯೋಜನೆ ಬರುವುದಿಲ್ಲ.

ಯೋಜನಾ ಅನುಮತಿ ಸಿಕ್ಕಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ತೊಲೆ, ಪಾಯ, ವೈರಿಂಗ್, ಶಾಖರಕ್ಷಣೆ ನೋಡುವುದು ಬಿಲ್ಡಿಂಗ್ ಕಂಟ್ರೋಲ್. ಪಿಡಿ ಕೆಲಸಕ್ಕೂ ಅದು ಬೇಕು. ಜಂಟಿ ಗೋಡೆ ಮುಟ್ಟಿದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಪಕ್ಕದವರಿಗೆ ಎರಡು ತಿಂಗಳು ಮೊದಲು ನೋಟಿಸ್, ಅವರ ಪಾಯದಿಂದ 3 ಮೀಟರ್ ಒಳಗೆ ಆಳವಾಗಿ ಅಗೆದರೆ ಒಂದು ತಿಂಗಳು ಮೊದಲು. ಸಾರ್ವಜನಿಕ ಒಳಚರಂಡಿಯ ಮೇಲೆ ಕಟ್ಟಿದರೆ ನೀರಿನ ಕಂಪನಿಯ ಒಪ್ಪಿಗೆ. ಲೀಸ್‌ಹೋಲ್ಡ್ ಮನೆಯಾದರೆ ಭೂಮಾಲೀಕರ ಒಪ್ಪಿಗೆ. ಇವುಗಳಲ್ಲಿ ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ.

ಕಟ್ಟಲು ಹೊರಟವರಿಗೆ ಒಂದು ಮಾತು. ಇದು ಪಿಡಿ, ಏನೂ ಬೇಡ ಎಂದು ಬಿಲ್ಡರ್ ಬಾಯಲ್ಲಿ ಹೇಳಿದರೆ ಸಾಕೆನ್ನಬೇಡಿ. ಅರ್ಧ ಶುಲ್ಕಕ್ಕೆ ಕೌನ್ಸಿಲ್ಲಿನಿಂದ ಕಾನೂನುಬದ್ಧ ಅಭಿವೃದ್ಧಿಯ ಪ್ರಮಾಣಪತ್ರ ಪಡೆಯಬಹುದು; ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಅರ್ಜಿ ಹಾಕುವ ಮೊದಲು ನಕ್ಷೆಯನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿ.

ಪಕ್ಕದಲ್ಲಿ ಸುಮ್ಮನಿರುವವರಿಗೆ, ಅದರಲ್ಲೂ ಮಗನ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ತಂದೆ ತಾಯಂದಿರಿಗೆ ಒಂದು ವಿನಂತಿ. ಕೌನ್ಸಿಲ್ಲಿನಿಂದ ಬಂದ ಲಕೋಟೆಯನ್ನು ಜಾಹೀರಾತಿನ ಕಾಗದಗಳ ಜೊತೆ ಎಸೆಯಬೇಡಿ. ಮಕ್ಕಳಿಂದ ಓದಿಸಿಕೊಳ್ಳಿ, ನಕ್ಷೆ ತೆರೆಸಿ ನೋಡಿ. ಮನೆಯ ಬೆಳಕಿಗೆ, ಹಿತ್ತಿಲ ಏಕಾಂತಕ್ಕೆ ತೊಂದರೆಯಿದೆ ಎನ್ನಿಸಿದರೆ ಯಾವ ಕೋಣೆ, ಯಾವ ಕಿಟಕಿ ಎಂದು ನಾಲ್ಕು ಸಾಲು ಬರೆಯಿಸಿ ಕಳಿಸಿ. ಸಲಹೆ ಬೇಕಾದರೆ ನಗರ ಯೋಜಕರ ಸಂಸ್ಥೆ ನಡೆಸುವ ಪ್ಲಾನಿಂಗ್ ಏಡ್ ಉಚಿತವಾಗಿ ಹೇಳುತ್ತದೆ. ಅದೆಲ್ಲ 21 ದಿನಗಳೊಳಗೆ ಆಗಬೇಕು.